ಚಿಕ್ಕಮ್ಮ ಪಾಸು ಮಾಡಿದ ಕುಲಾವಿ

ಚಿಕ್ಕಮ್ಮನ ನಾಲಿಗೆಗೆ ಹೆದರದವರು ಆ ಬೀದಿಯಲ್ಲಿ ಇಬ್ಬರೇ. ಒಬ್ಬ ಮೂಲೆಮನೆಯ ಗಡಿಯಾರ ರಿಪೇರಿಯವನು, ಅವನು ಹುಟ್ಟುಕಿವುಡ. ಇನ್ನೊಬ್ಬಳು ಅವಳ ಅಕ್ಕನ ಮಗಳು. ಕಿವುಡನ ಸುದ್ದಿ ನಮಗೆ ಬೇಡ, ಪಾಪ, ಅವನು ತನ್ನ ಪಾಡಿಗೆ ತಾನಿದ್ದ. ಅಕ್ಕನ ಮಗಳ ಸುದ್ದಿ ಬೇಕು, ಯಾಕೆಂದರೆ ಚಿಕ್ಕಮ್ಮ ಇದ್ದದ್ದು ಅವಳ ಮನೆಯಲ್ಲಿ.

ಮನೆ ಮೊದಲು ಅಕ್ಕನದಾಗಿತ್ತು. ಚಿಕ್ಕಮ್ಮ ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳಲ್ಲಿ ಒಬ್ಬನ ಕಿವಿ ದೊಡ್ಡದು, ಒಬ್ಬನ ನಗು ಸಣ್ಣದು ಎಂದು ಎಲ್ಲರಲ್ಲೂ ಊನ ಹುಡುಕಿ ಕಳಿಸಿದಳು. ಕೊನೆಗೆ ಬರುವವರೇ ನಿಂತುಹೋದರು. ಅಕ್ಕ ಸಾಯುವಾಗ ಮಗಳ ಕೈ ಹಿಡಿದು, "ಅವಳನ್ನ ಬೀದಿಪಾಲು ಮಾಡಬೇಡ ಕಣೇ" ಎಂದು ಹೇಳಿ ಕಣ್ಣು ಮುಚ್ಚಿದಳು. ಹಾಗೆ ಹೇಳುವಷ್ಟು ದೊಡ್ಡ ಮನಸ್ಸು ಆ ಹೆಂಗಸಿಗೆ ಎಲ್ಲಿಂದ ಬಂತೋ! ತಂಗಿ ಅವಳಿಗೆ ಮಾಡಿದ್ದನ್ನು ಬೇರೆ ಯಾರಿಗಾದರೂ ಮಾಡಿದ್ದರೆ ಏಳು ಜನ್ಮಕ್ಕೂ ಮರೆಯುತ್ತಿರಲಿಲ್ಲ.

ಮಾಡಿದ್ದು ಇಷ್ಟು. ಮೂವತ್ತೊಂದು ವರ್ಷ ಚಿಕ್ಕಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದಳು. ಹೊಲಿದು ಬಂದ ಅಂಗಿಯ ಒಳಮಗ್ಗುಲು ತಿರುವಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಒಂದೇ ಒಂದು ಕಡೆ ನೂಲು ಹಾರಿದ್ದರೂ ಕೆಂಪು ಚೀಟಿ ಸಿಕ್ಕಿಸಿ ಪಕ್ಕಕ್ಕೆ ಎಸೆಯುವುದು ಅವಳ ಕೆಲಸ. ಅದಕ್ಕೇ ಅವಳಿಗೆ ಕೆಂಪುಚೀಟಿ ಎಂಬ ಅಡ್ಡಹೆಸರು. ಆ ಕಾರ್ಖಾನೆಯಲ್ಲಿ ಒಂದು ಕಟ್ಟಳೆ ಇತ್ತು. ಚೀಟಿ ಬಿದ್ದ ಬಟ್ಟೆಯನ್ನು ಹೊಲಿದವಳೇ ಬಂದು, ಹೊಲಿಯುವ ಹಾಲ್‌ನ ನಟ್ಟನಡುವೆ ಹಾಕಿದ್ದ ಬೆಂಚಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು, ತನ್ನ ಹೊಲಿಗೆ ತಾನೇ ಬಿಚ್ಚಬೇಕು. ಬಿಚ್ಚೋ ಬೆಂಚು ಎಂದೇ ಅದಕ್ಕೆ ಹೆಸರು. ಅಕ್ಕನೂ ಅಲ್ಲೇ ಕಾಲರ್ ಹೊಲಿಯುತ್ತಿದ್ದಳು. ಒಂದು ದಿನ ಮನೆಯಲ್ಲಿ ಮಗಳಿಗೆ ಜ್ವರ, ಅಕ್ಕನಿಗೆ ನಿದ್ದೆಯಿಲ್ಲ, ಹದಿನೇಳು ಕಾಲರ್ ಸೊಟ್ಟಗಾದವು. "ಇವೊತ್ತೊಂದು ದಿನ ಬಿಟ್ಬಿಡೇ" ಎಂದು ಅಕ್ಕ ಪಿಸುಗುಟ್ಟಿದಳು. ಚಿಕ್ಕಮ್ಮ ಹದಿನೇಳಕ್ಕೂ ಚೀಟಿ ಸಿಕ್ಕಿಸಿ, ಒಂದನ್ನು ಮೇಲೆತ್ತಿ ಹಿಡಿದು, "ಇದನ್ನ ಹೊಲಿದ ಮಹಾರಾಣಿ ಯಾರು, ಬರಲಿ ಈ ಕಡೆ" ಎಂದು ಕೂಗಿದಳು. ಅಕ್ಕ ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತು ಬಿಚ್ಚಿದಳು, ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಇದನ್ನು ಚಿಕ್ಕಮ್ಮ ಆಮೇಲೆ ಎಷ್ಟೋ ವರ್ಷ, ಬಂದವರ ಮುಂದೆಲ್ಲ, "ನಾನು ಅಕ್ಕ ಅಂತಾನೂ ನೋಡಲಿಲ್ಲ" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದಳು. ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತ ಬೆಳೆದಳು.

ಈಗ ಮಗಳಿಗೆ ಮೂವತ್ತೆಂಟು. ಎರಡು ಬೀದಿ ಆಚೆಯ ಹೆರಿಗೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಹುಟ್ಟಿದ ಮಗುವಿನ ತಲೆಗೆ ಹಾಕಲು ಕುಲಾವಿ ಇಲ್ಲದೆ ಅಪ್ಪಂದಿರು ಕರವಸ್ತ್ರ ಕಟ್ಟುವುದನ್ನು, ಒಬ್ಬ ಪುಣ್ಯಾತ್ಮ ತನ್ನ ಕಾಲುಚೀಲವನ್ನೇ ಮಗುವಿನ ತಲೆಗೆ ಏರಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಆಸ್ಪತ್ರೆಯ ಸುತ್ತ ಔಷಧಿ ಅಂಗಡಿ ಆರಿವೆ, ಹಣ್ಣಿನ ಗಾಡಿ ಹತ್ತಿವೆ, ಹಸುಗೂಸಿಗೆ ಬೇಕಾದ ಒಂದು ತುಂಡು ಬಟ್ಟೆ ಸಿಗುವುದಿಲ್ಲ. ಅಂಗಡಿ ಇಡಬೇಕು ಎಂದು ಅವಳ ತಲೆಗೆ ಹೊಕ್ಕಿತು. ಕುಲಾವಿ, ಕಾಲುಚೀಲ, ಸುತ್ತುವ ಬಟ್ಟೆ, ಅಷ್ಟೇ ಸಾಕು. ಅಂಗಡಿಗೆ ಜಾಗ ಬೇಕಲ್ಲ? ಬೀದಿಗೆ ಬಾಗಿಲಿದ್ದ ಕೋಣೆ ಮನೆಯಲ್ಲಿ ಒಂದೇ. ಅದರಲ್ಲಿ ಚಿಕ್ಕಮ್ಮ ಇದ್ದಳು, ಚಿಕ್ಕಮ್ಮನ ಮಂಚ ಇತ್ತು, ಕಿಟಕಿಗೆ ಆನಿಸಿದ ಕುರ್ಚಿ ಇತ್ತು. ಆ ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರ ನಡಿಗೆಗೆ, ಉಡುಗೆಗೆ, ಸಾಕಿದ ನಾಯಿಗೆ ಚೀಟಿ ಸಿಕ್ಕಿಸುವುದೇ ಅವಳ ಈಗಿನ ಉದ್ಯೋಗ.

ಅಳಿಯ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು. ಮಾತು ಕಡಿಮೆ, ಲೆಕ್ಕ ಚುರುಕು. ಒಂದು ಭಾನುವಾರ ಬೆಳಗ್ಗೆ ಚಹಾ ಮುಂದಿಟ್ಟುಕೊಂಡು ಮೂವರೂ ಕೂತರು.

"ಮಾಲು ಎಲ್ಲಿಂದ ತರೋದು ಅನ್ನೋದೇ ಈಗ ಪ್ರಶ್ನೆ," ಎಂದಳು ಮಗಳು. "ಮೂರು ದಾರಿ ಇದೆ. ಹಿಂದಿನ ಬೀದಿ ಹೆಂಗಸರ ಗುಂಪಿಗೆ ನೂಲು ಕೊಟ್ಟು ಹೆಣೆಸೋದು. ಇಲ್ಲಾ, ಸಗಟು ಏಜೆಂಟ್ ಕೈಲಿ ಫ್ಯಾಕ್ಟರಿ ಮಾಲು ತರಿಸೋದು, ಅವನು ಇನ್ನೂರು ಕುಲಾವಿಗಿಂತ ಕಮ್ಮಿ ಕೊಡಲ್ಲ. ಇಲ್ಲಾ..."

"ಇಲ್ಲಾ ಏನೇ? ಮನೇಲೇ ನಾನಿಲ್ವಾ?" ಎಂದಳು ಚಿಕ್ಕಮ್ಮ. ರಿಟೈರ್ ಆದಮೇಲೆ ಅವಳು ಹೆಣಿಗೆ ಕಲಿತಿದ್ದಳು. ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಕೇಳದೆಯೇ ಒಂದೊಂದು ಕುಲಾವಿ ಕೊಟ್ಟಿದ್ದಳು. ಎಲ್ಲರೂ ಚೆನ್ನಾಗಿದೆ ಎಂದಿದ್ದರು. ಕೆಂಪುಚೀಟಿಯ ಮುಖಕ್ಕೆ ಹೊಡೆದ ಹಾಗೆ ಚೆನ್ನಾಗಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ, ಹೇಳಿ!

"ನೀವು ದಿನಕ್ಕೆ ಒಂದು ಹೆಣೀಬಹುದು," ಎಂದ ಅಳಿಯ. "ಆಸ್ಪತ್ರೇಲಿ ದಿನಕ್ಕೆ ಎಂಟು ಹೆರಿಗೆ."

"ಒಳ್ಳೇದು ಒಂದಿದ್ರೆ ಸಾಲದಾ? ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ."

ಮಗಳು ಗಂಡನ ಮುಖ ನೋಡಿದಳು. ಅವನು ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿ ಮೇಜಿನ ಮೇಲಿಟ್ಟ. ಊರಾಚೆಯ ವೃದ್ಧಾಶ್ರಮದ ಅರ್ಜಿ. ಹೆಸರಿನ ಜಾಗದಲ್ಲಿ ಚಿಕ್ಕಮ್ಮನ ಹೆಸರನ್ನು ಆಗಲೇ ಬರೆದಾಗಿತ್ತು, ಫೋಟೋದ ಚೌಕ ಖಾಲಿ ಇತ್ತು.

"ಸುಮ್ಮನೆ ತೋರಿಸ್ತಿದ್ದೀನಿ," ಎಂದಳು ಮಗಳು. "ಮಾಲು ಮನೇಲೇ ಆಗೋದಾದ್ರೆ ನಿನ್ನ ಕೋಣೆ ನಿನಗೇ. ಕಿಟಕೀಲಿ ನಾಲ್ಕು ಕುಲಾವಿ ತೂಗುಹಾಕಿದ್ರೆ ಅಂಗಡಿ ಆಯ್ತು, ನೀನು ಅಲ್ಲೇ ಕೂತು ಹೆಣೀತಾ ಇರು. ಪೆಟ್ಟಿಗೆಗಟ್ಟಲೆ ಹೊರಗಿಂದ ಬರೋದಾದ್ರೆ ಕೋಣೆ ಖಾಲಿ ಆಗಬೇಕು. ಮಲಗೋಕೆ ಬೇರೆ ಜಾಗ ಈ ಮನೇಲಿ ಎಲ್ಲಿದೆ, ನೀನೇ ಹೇಳು."

ಚಿಕ್ಕಮ್ಮ ಅರ್ಜಿಯನ್ನು ಮೇಜಿನ ಆ ತುದಿಗೆ ತಳ್ಳಿದಳು. ಆ ಆಶ್ರಮವನ್ನು ಅವಳು ಒಂದು ಸಲ ನೋಡಿದ್ದಳು. ಕಾರ್ಖಾನೆಯ ಹಳೆಯ ಗೆಳತಿಯೊಬ್ಬಳು ಅಲ್ಲಿದ್ದಳು. ಸಾಲಾಗಿ ಹನ್ನೆರಡು ಮಂಚ, ಗೋಡೆಯ ಮೇಲೆತ್ತರದಲ್ಲಿ ಗಾಳಿಕಿಂಡಿ, ಬೀದಿ ಎಂಬುದೇ ಕಾಣುವುದಿಲ್ಲ. ನೋಡಲು ಹೋದವಳ ಸೆರಗು ಹಿಡಿದು ಆ ಗೆಳತಿ, "ನನ್ನೂ ಕರ್ಕೊಂಡು ಹೋಗೇ" ಎಂದು ಅತ್ತಿದ್ದಳು. ಚಿಕ್ಕಮ್ಮ ಸೆರಗು ಬಿಡಿಸಿಕೊಂಡು ಬಂದಿದ್ದಳು.

"ಹಾಗಾದ್ರೆ ಪರೀಕ್ಷೆ ಇಡೋಣ," ಎಂದಳು ಮಗಳು, ಜೇನು ಸುರಿದ ಹಾಗೆ. "ಮಾಲು ನೋಡೋದ್ರಲ್ಲಿ ನಿನ್ನನ್ನ ಮೀರಿಸಿದವರು ಯಾರಿದ್ದಾರೆ ಚಿಕ್ಕಮ್ಮ? ಯಾರದ್ದು ಅಂತ ಹೇಳಲ್ಲ, ಬರೀ ನಂಬರ್ ಹಾಕಿ ಇಡ್ತೀನಿ. ನೀನು ಪಾಸ್ ಅಂದದ್ದನ್ನೇ ತರಿಸೋಣ. ಎಲ್ಲಾ ಫೇಲ್ ಆದ್ರೆ ನೀನೇ ಹೆಣಿ. ನೀನು ಮನೆಯವಳು, ನಿಂದನ್ನ ಯಾಕೆ ಪರೀಕ್ಷೆಗಿಡೋದು?"

ಚಿಕ್ಕಮ್ಮನಿಗೆ ಹೋದ ಜೀವ ಬಂತು. ಎಲ್ಲವನ್ನೂ ಫೇಲ್ ಮಾಡಿದರೆ ಕೋಣೆ ತನ್ನದು! ಫೇಲ್ ಮಾಡುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಅವಳಿಗೂ ಒಂದು ಅಭಿಮಾನ ಇತ್ತು ನೋಡಿ. ಇಲ್ಲದ ತಪ್ಪನ್ನು ಇದೆ ಎಂದು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳಿದವಳಲ್ಲ. ಹೇಳಬೇಕಾಗಿಯೂ ಇಲ್ಲ, ಹುಡುಕಿದರೆ ಯಾವುದರಲ್ಲೂ ತಪ್ಪು ಸಿಕ್ಕೇ ಸಿಗುತ್ತದೆ ಎಂದು ಅವಳ ನಂಬಿಕೆ. ಆ ವಾರ ಅವಳು ಹುರುಪಿನಿಂದ ಆರು ಕುಲಾವಿ ಹೆಣೆದಳು. ಹೆಣೆದದ್ದನ್ನು ಒಮ್ಮೆಯಾದರೂ ಒಳಮಗ್ಗುಲು ತಿರುವಿ ನೋಡಿದಳೇ? ಇಲ್ಲ. ಕಾರ್ಖಾನೆಯಲ್ಲಿ ಅವಳು ನೋಡಿದ್ದೆಲ್ಲ ಬೇರೆಯವರು ಹೊಲಿದದ್ದು. ತನ್ನ ಕೈಯ ಕೆಲಸವನ್ನೂ ನೋಡಬೇಕು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಹತ್ತು ಗಂಟೆಗೆ ಏಜೆಂಟ್ ಬಂದ. ದುಂಡು ಮುಖ, ತೊಡೆಯ ಮೇಲೆ ಚರ್ಮದ ಬ್ಯಾಗು, ಎಲ್ಲದಕ್ಕೂ ನಗು. ಮೇಜಿನ ಮೇಲೆ ಮೂರು ಬಿಳಿಯ ಕುಲಾವಿಗಳು, ಒಂದೇ ಬಗೆಯ ನೂಲು, ಒಂದೇ ಬಗೆಯ ನೀಲಿ ದಾರ, ಮುಂದೆ ಒಂದು, ಎರಡು, ಮೂರು ಎಂದು ಬರೆದ ಚೀಟಿ. ಪಕ್ಕದಲ್ಲಿ ಒಂದು ಡಬ್ಬಿ ಗುಂಡುಸೂಜಿ, ಮತ್ತೆ, ಮಗಳು ಎಲ್ಲಿಂದ ಹುಡುಕಿ ತಂದಿದ್ದಳೋ, ಕೆಂಪು ಕಾಗದದ ಚೂರುಗಳು. ಅದನ್ನು ಕಂಡು ಚಿಕ್ಕಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು. ಅಳಿಯ ಪುಸ್ತಕ ತೆರೆದು ಪೆನ್ನು ಹಿಡಿದ.

ಒಂದನೆಯದನ್ನು ತಿರುವಿದಳು. ಹೆಬ್ಬೆರಳು ಅಂಚಿನಗುಂಟ ಓಡಿತು. "ಪರವಾಗಿಲ್ಲ ಅನ್ನಬಹುದು. ಆದ್ರೆ ದಾರ ಸಡಿಲ, ಕಿತ್ತು ಬರುತ್ತೆ. ಮಗು ಬಾಯಿಗೆ ಹಾಕಿದ್ರೆ ಏನು ಗತಿ? ಫೇಲ್." ಚೀಟಿ ಬಿತ್ತು.

ಎರಡನೆಯದು. ತಿರುವಿದಳು, ಎಳೆದಳು, ಬೆಳಕಿಗೆ ಹಿಡಿದಳು, ಕೆನ್ನೆಗೆ ಉಜ್ಜಿದಳು. ಮತ್ತೆ ತಿರುವಿದಳು. ಬೆಣ್ಣೆಯಲ್ಲಿ ಕೂದಲು ಹುಡುಕುವವಳ ಹಾಗೆ ಹುಡುಕಿದಳು, ಸಿಗಲಿಲ್ಲ. ಇದು ಹಿಂದಿನ ಬೀದಿಯ ಹೆಂಗಸರದ್ದೇ ಇರಬೇಕು, ಹಾಳಾದವರು ಇಷ್ಟು ಚೆನ್ನಾಗಿ ಯಾವಾಗ ಕಲಿತರು ಎಂದುಕೊಂಡಳು. "ಇದರಲ್ಲಿ ತೆಗೆದುಹಾಕೋ ಅಂಥದ್ದು ಏನೂ ಇಲ್ಲ," ಎಂದು ಅರ್ಧ ಬಾಯಲ್ಲಿ ಹೇಳಿ, "ಮೂರನೇದೂ ನೋಡ್ಬಿಡ್ತೀನಿ, ಆಮೇಲೆ ಹೇಳ್ತೀನಿ" ಎಂದು ಪಕ್ಕಕ್ಕಿಟ್ಟಳು.

ಮೂರನೆಯದನ್ನು ಕೈಗೆತ್ತಿಕೊಂಡಳು. ಏಜೆಂಟ್ ಕುರ್ಚಿಯಲ್ಲಿ ಸರಿದು ಕೂತು, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ಓಹೋ, ಬೆವರುತ್ತಿದ್ದಾನೆ, ಇದು ಇವನದ್ದೇ ಎಂದು ಚಿಕ್ಕಮ್ಮನಿಗೆ ಖಾತ್ರಿಯಾಯಿತು. ಬೆರಳು ಒಳಗೆ ಹೋದದ್ದೇ ತಡ, ಎಡಕಿವಿಯ ಬಳಿ ಎರಡು ಕುಣಿಕೆ ಹಾರಿದ್ದು ಸಿಕ್ಕಿತು. ನೆತ್ತಿಯ ಹತ್ತಿರ ನೂಲು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಂಚು ಅಲೆ ಅಲೆ. ಆನಂದದಿಂದ ಅವಳ ಮುಖ ಅರಳಿತು. ಎಷ್ಟೋ ವರ್ಷಗಳ ಮೇಲೆ ಕೈಗೊಂದು ಬೇಟೆ!

"ಅಯ್ಯೋ ನನ್ನಪ್ಪಾ," ಎಂದಳು, ಕುಲಾವಿಯನ್ನು ಎರಡೇ ಬೆರಳಲ್ಲಿ ಮೇಲೆತ್ತಿ. "ಇದನ್ನ ಹೆಣೆದದ್ದು ಕೈಯಲ್ಲೋ ಕಾಲಲ್ಲೋ? ನೋಡಿ ಇಲ್ಲಿ, ಈ ತೂತಲ್ಲಿ ಮಗು ಬೆರಳು ಸಿಕ್ಕಿಕೊಂಡ್ರೆ ಬೆರಳೇ ಹೋಯ್ತು. ಯಾವ ಕುರುಡಿ ಹೆಣೆದಳು ಇದನ್ನ? ಕಣ್ಣು ಕಾಣದವರು ಮನೇಲಿ ಬಿದ್ದಿರಬೇಕು, ಊರ ಮಕ್ಕಳ ಮೇಲೆ ಯಾಕೆ ಹಗೆ ಸಾಧಿಸಬೇಕು?"

"ಬರ್ಕೊಳ್ಳಿ," ಎಂದಳು ಮಗಳು ಗಂಡನಿಗೆ. "ಇನ್ನೂ ಏನಿದೆ ಚಿಕ್ಕಮ್ಮ?"

"ಇನ್ನೇನು? ಹನ್ನೊಂದು ತಪ್ಪಿದೆ ಇದರಲ್ಲಿ. ಹನ್ನೊಂದು! ನಮ್ಮ ಕಾರ್ಖಾನೇಲಿ ಇಂಥವಳನ್ನ ಗೇಟಿನ ಒಳಗೂ ಬಿಡ್ತಿರಲಿಲ್ಲ." ಕೆಂಪು ಚೀಟಿಯನ್ನು ಸಿಕ್ಕಿಸಿ ಏಜೆಂಟನ ಕಡೆ ಎಸೆದಳು. "ತಗೊಂಡು ಹೋಗಪ್ಪ, ನಿಮ್ಮ ಫ್ಯಾಕ್ಟರಿಯವರಿಗೆ ತೋರಿಸು."

ಏಜೆಂಟ್ ಕರವಸ್ತ್ರ ತೆಗೆದ. ಬೆವರು ಎಲ್ಲಿತ್ತು, ಅವನು ನಗು ತಡೆದುಕೊಳ್ಳುತ್ತಿದ್ದ. "ಅಮ್ಮಾ, ನಮ್ಮದು ಎರಡನೇದು," ಎಂದ.

ಮಗಳು ಎದ್ದು ಹೋಗಿ ಚಿಕ್ಕಮ್ಮನ ಹೆಣಿಗೆಯ ಬುಟ್ಟಿ ತಂದು ಮೇಜಿನ ಮೇಲೆ ಬೋರಲು ಸುರಿದಳು. ಐದು ಕುಲಾವಿ ಬಿದ್ದವು.

"ಆರು ಹೆಣೆದಿದ್ದೆ ಅಲ್ವಾ?" ಎಂದಳು. "ಎಣಿಸು."

"ನನ್ನದಲ್ಲ ಅದು," ಎಂದಳು ಚಿಕ್ಕಮ್ಮ. "ನನ್ನದಕ್ಕೆ ಹಳದಿ ದಾರ."

"ದಾರ ನಾನು ಬದಲಾಯಿಸಿದೆ."

"ನಂದನ್ನ ಇಡಲ್ಲ ಅಂದಿದ್ದೆ ನೀನು."

"ಅಂದಿದ್ದೆ. ಅಕ್ಕ ಅಂತಾನೂ ನೋಡದವಳು ನೀನು, ನಿನ್ನದು ಅಂತ ಗೊತ್ತಾದ್ರೆ ಮಾತ್ರ ನೋಡ್ತೀಯಾ? ಬಾ, ಉಳಿದದ್ದನ್ನೂ ತಿರುವು."

ಚಿಕ್ಕಮ್ಮ ಒಂದನ್ನು ತೆಗೆದು ಒಳಮಗ್ಗುಲು ತಿರುವಿದಳು. ಎಡಕಿವಿಯ ಬಳಿ ಅದೇ ಹಾರಿದ ಕುಣಿಕೆ. ಇನ್ನೊಂದು. ಅದೇ ಸಡಿಲ. ಮೂರನೆಯದನ್ನು ತಿರುವಲು ಅವಳಿಗೆ ಧೈರ್ಯ ಬರಲಿಲ್ಲ. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕುವವರು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬೀದಿಯ ಮಕ್ಕಳಿಗೆಲ್ಲ ತಾನು ಹಂಚಿದ ಕುಲಾವಿಗಳು ಕಣ್ಣ ಮುಂದೆ ಬಂದವು, ಚೆನ್ನಾಗಿದೆ ಚೆನ್ನಾಗಿದೆ ಎಂದ ತಾಯಂದಿರ ಮುಖಗಳೂ ಬಂದವು. ಒಂದೇ ಒಂದು ಮಗುವಿನ ತಲೆಯ ಮೇಲೂ ತನ್ನ ಕುಲಾವಿ ಕಂಡ ನೆನಪಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಕಟ್ಟಳೆ ಗೊತ್ತಲ್ಲ?" ಎಂದಳು ಮಗಳು. ಅಡುಗೆಮನೆಯಿಂದ ಮಣೆ ತಂದು ಕೋಣೆಯ ನಡುವೆ ಹಾಕಿದಳು. "ಚೀಟಿ ಬಿದ್ದದ್ದನ್ನ ಮಾಡಿದವಳೇ ಬಿಚ್ಚಬೇಕು."

"ಹೊರಗಿನವರು ಇದ್ದಾರೆ ಕಣೇ," ಎಂದಳು ಚಿಕ್ಕಮ್ಮ ಮೆಲ್ಲಗೆ.

"ಇರಲಿ ಅಂತಾನೇ ಕರೆಸಿದ್ದು. ಅಮ್ಮ ಇನ್ನೂರು ಜನರ ಮುಂದೆ ಹದಿನೇಳು ಬಿಚ್ಚಿದಳು. ನಿಂದು ಒಂದೇ. ಕೂತ್ಕೋ."

ಅಳಿಯ ಪುಸ್ತಕದಿಂದ ತಲೆಯೆತ್ತಲಿಲ್ಲ. ಏಜೆಂಟ್ ಏಳಬೇಕೋ ಬೇಡವೋ ಎಂದು ಅರ್ಧ ಎದ್ದು, ಚಹಾ ಇನ್ನೂ ಇದ್ದದ್ದರಿಂದ ಮತ್ತೆ ಕೂತ. ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಮಣೆಯ ಮೇಲೆ ಕೂತಳು. ಹೊಲಿಗೆಯಾದರೆ ಬಿಚ್ಚಲು ಹೊತ್ತು ಹಿಡಿಯುತ್ತದೆ. ಹೆಣಿಗೆಗೆ ಕೊನೆಯ ಗಂಟು ಬಿಡಿಸಿ ಎಳೆದರೆ ಮುಗಿಯಿತು. ಅವಳು ಎಳೆದಳು. ನೆತ್ತಿ ಹೋಯಿತು, ಕಿವಿ ಹೋಯಿತು, ಗುಂಗುರು ನೂಲು ಮಡಿಲಲ್ಲಿ ಬಿದ್ದುಕೊಂಡಿತು. ಹಾರಿದ ಕುಣಿಕೆಯ ಬಳಿ ಸಿಕ್ಕಾಗಿ ನೂಲು ನಿಂತಾಗ ಮಗಳು, "ಹಲ್ಲಲ್ಲಿ ಬಿಡಿಸು, ಅಮ್ಮನೂ ಹಾಗೇ ಬಿಡಿಸಿದ್ದು" ಎಂದಳು. ಚಿಕ್ಕಮ್ಮ ಹಲ್ಲಲ್ಲಿ ಬಿಡಿಸಿದಳು. ಅವಳಿಗೆ ಅಳು ಬಂತು, ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಏಜೆಂಟ್ ಇನ್ನೂರರ ಆರ್ಡರ್ ಬರೆದುಕೊಂಡು ಹೋದ.

ಮಾರನೆಯ ದಿನವೇ ಮಂಚ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಬಂತು. ಅದು ಸರಿಯಾಗಿ ಹಿಡಿಸಲಿಲ್ಲ, ಬಚ್ಚಲಿಗೆ ಹೋಗುವವರು ಚಿಕ್ಕಮ್ಮನ ಕಾಲು ದಾಟಿ ಹೋಗಬೇಕು. "ಬರೀ ಒಂದು ವಾರ ತಾನೇ," ಎಂದ ಅಳಿಯ. ಫೋಟೋ ತೆಗೆಸಿಕೊಂಡು ಬಂದದ್ದಾಯಿತು, ಅರ್ಜಿಗೆ ಅಂಟಿಸಿದ್ದಾಯಿತು. ಮುಂದಿನ ಸೋಮವಾರ ಆಶ್ರಮದವರು ಬರಹೇಳಿದ್ದರು. ಚಿಕ್ಕಮ್ಮ ಆ ವಾರ ಊಟಕ್ಕೆ ಕರೆದರೆ ಎದ್ದಳು, ಕರೆಯದಿದ್ದರೆ ಇಲ್ಲ. ಒಂದು ದಿನ ಮಾತ್ರ ಮಗಳು ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು, "ಈ ಓಣೀಲೇ ಇದ್ದುಬಿಡ್ತೀನಿ ಕಣೇ, ಕೋಣೆ ಬೇಡ. ಕಾಲು ಮಡಚಿಕೊಂಡು ಮಲಗ್ತೀನಿ" ಎಂದಳು. ಮಗಳು ಪಾತ್ರೆ ತೊಳೆಯುತ್ತಲೇ ಇದ್ದಳು.

ಶನಿವಾರ ಪೆಟ್ಟಿಗೆ ಬಂತು. ಮುಂದಿನ ಕೋಣೆಯಲ್ಲಿ ಈಗ ಸುಣ್ಣದ ವಾಸನೆ, ಹೊಸ ಹಲಗೆಗಳು, ಕಿಟಕಿಯಲ್ಲಿ ಗಾಜು. ಮಗಳು, ಅಳಿಯ ಇಬ್ಬರೂ ಬೋರ್ಡಿನವನ ಹತ್ತಿರ ಹೋಗಿದ್ದಾಗ ಚಿಕ್ಕಮ್ಮ ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು ಒಂದು ಕುಲಾವಿ ತೆಗೆದಳು. ಅಭ್ಯಾಸಬಲ. ಒಳಮಗ್ಗುಲು ತಿರುವಿ ಹೆಬ್ಬೆರಳು ಓಡಿಸಿದಳು. ನೆತ್ತಿಯ ಮೇಲೆ ಬೆರಳು ಗಕ್ಕನೆ ನಿಂತಿತು. ನೂಲಿನ ತುದಿಯನ್ನು ಪ್ಲಾಸ್ಟಿಕ್ ದಾರದಿಂದ ಕಟ್ಟಿ, ಗಂಟನ್ನು ಕರಗಿಸಿ ಬಿಟ್ಟಿದ್ದರು. ಅಕ್ಕಿಕಾಳಿನಷ್ಟು ಗಟ್ಟಿ, ತುದಿ ಚೂಪು. ಹುಟ್ಟಿದ ಮಗುವಿನ ನೆತ್ತಿಯ ಮೆತ್ತನೆಯ ಜಾಗಕ್ಕೆ ಸರಿಯಾಗಿ ತಾಗುವ ಹಾಗೆ. ಇನ್ನೊಂದು ತೆಗೆದಳು, ಹಾಗೇ. ಮತ್ತೊಂದು, ಹಾಗೇ. ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು! ಮಧ್ಯಾಹ್ನದ ಹೊತ್ತಿಗೆ ಅವಳು ಇನ್ನೂರನ್ನೂ ತಿರುವಿ ನೋಡಿ ಮುಗಿಸಿದ್ದಳು. ವಾರದಿಂದ ಸತ್ತ ಹಾಗಿದ್ದ ಮುಖಕ್ಕೆ ಕಳೆ ಬಂದಿತ್ತು.

"ನೋಡಿದ್ಯಾ!" ಎಂದಳು, ಮಗಳು ಹೊಸ್ತಿಲು ದಾಟುವ ಮೊದಲೇ. "ಮೋಸ ಹೋದ್ಯಲ್ಲೇ! ಇನ್ನೂರಕ್ಕೆ ಇನ್ನೂರೂ ಫೇಲ್. ಹಾಕಿದ ಮಗು ಚಿಟ್ಟನೆ ಚೀರದಿದ್ರೆ ನನ್ನ ಹೆಸರು ಬದಲಾಯಿಸು. ವಾಪಸ್ ಕಳಿಸು ಇದನ್ನ. ನಾನು ಕನ್ನಡಕ ಬದಲಾಯಿಸಿಕೊಳ್ತೀನಿ, ನಿಧಾನವಾಗಿ ಹೆಣೀತೀನಿ, ಒಂದೊಂದನ್ನೂ ತಿರುವಿ ನೋಡ್ತೀನಿ."

ಮಗಳು ಕುಲಾವಿಯೊಳಗೆ ಬೆರಳಿಟ್ಟು ನೋಡಿದಳು. ಬೆರಳು ಹಿಂದಕ್ಕೆ ತೆಗೆದುಕೊಂಡಳು. ಅಳಿಯ ಏಜೆಂಟಿಗೆ ಫೋನ್ ಮಾಡಿದ. ಒಡೆದ ಪೆಟ್ಟಿಗೆ ವಾಪಸ್ ತಗೊಳಲ್ಲ ಎಂದು ಅವನು ನಗುನಗುತ್ತಲೇ ಹೇಳಿದ. ಗಂಡಹೆಂಡಿರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಕ್ಕಮ್ಮ ಓಣಿಯಲ್ಲಿ ಮಂಚದ ತುದಿಗೆ ಕೂತು, ತಾನು ಗೆದ್ದೆ ಎಂದುಕೊಂಡು ಕಾದಳು.

ಮಗಳು ಹೊರಗೆ ಬಂದು ಪಕ್ಕದಲ್ಲಿ ಕೂತಳು. ಎಷ್ಟೋ ದಿನಗಳ ಮೇಲೆ ಹಾಗೆ ಹತ್ತಿರ ಕೂತದ್ದು.

"ಸೋಮವಾರ ನೀನು ಹೋಗೋದು ಬೇಡ ಚಿಕ್ಕಮ್ಮ."

"ನನಗೆ ಗೊತ್ತಿತ್ತು ಕಣೇ, ನೀನು ನಮ್ಮಕ್ಕನ ಹೊಟ್ಟೇಲಿ ಹುಟ್ಟಿದವಳು..."

"ತಡಿ, ಪೂರ್ತಿ ಕೇಳು. ಗಂಟು ಕತ್ತರಿಸಿದ್ರೆ ಕುಲಾವಿನೇ ಬಿಚ್ಚಿಹೋಗುತ್ತೆ, ನೋಡಿದ್ವಿ. ತಗೊಳ್ಳೋಕೆ ಬರೋರು ಒಳಗೆಲ್ಲ ಕೈ ಹಾಕಿ ನೋಡಲ್ಲ. ಆದ್ರೆ ಹೊಸ ಅಂಗಡಿ, ನಂಬಿಕೆ ಬರಬೇಕಲ್ಲ. ಈ ಸುತ್ತಮುತ್ತ ನಿನ್ನ ಹೆಸರು ಎಲ್ಲರಿಗೂ ಗೊತ್ತು. ಕೆಂಪುಚೀಟಿ ಪಾಸ್ ಅಂದ್ರೆ ಮುಗೀತು, ಸುಳ್ಳು ಹೇಳೋ ಹೆಂಗಸಲ್ಲ ಅಂತ. ನೀನು ಅಂಗಡೀಲಿ ಕೂತ್ಕೋ. ಗಿರಾಕಿ ಮುಂದೆ ಒಂದು ಸಲ ತಿರುವಿ ನೋಡಿ ಪಾಸ್ ಅನ್ನು. ಅಷ್ಟೇ ಕೆಲಸ."

"ಇದನ್ನಾ?"

"ಇದನ್ನೇ. ಮುಂದೆ ಬರೋದನ್ನೂ."

ಚಿಕ್ಕಮ್ಮನ ಬಾಯಿ ತೆರೆದೇ ಇತ್ತು. "ನನ್ನ ಬಾಯಲ್ಲಿ ಅದು ಬರಲ್ಲ ಕಣೇ. ಸಾಯೋ ಕಾಲದಲ್ಲಿ ಬರಿಸಬೇಡ. ಹಸುಗೂಸಿನ ನೆತ್ತಿ ಅದು."

"ಬರದಿದ್ರೆ ಬೇಡ. ಬಲವಂತ ಏನಿಲ್ಲ," ಎಂದಳು ಮಗಳು, ಎದ್ದು ಸೀರೆ ಕೊಡವಿಕೊಂಡು. "ಅರ್ಜಿ ಇದೆಯಲ್ಲ."

ಬುಧವಾರ ಅಂಗಡಿ ತೆರೆಯಿತು. ಕಿಟಕಿಯ ಬಳಿ ಹಳೆಯ ಕುರ್ಚಿಯನ್ನೇ ಹಾಕಿದ್ದರು, ಅದರಲ್ಲಿ ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದಳು. ಮೇಲೆ ಬೋರ್ಡು. ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ, ಪ್ರತಿಯೊಂದೂ ಕೆಂಪುಚೀಟಿಯಿಂದ ಪರೀಕ್ಷಿಸಲ್ಪಟ್ಟಿದೆ ಎಂದು ಬರೆಸಿದ್ದಳು ಮಗಳು. ಬೀದಿಯವರು ಓದಿ ನಕ್ಕರು, ನಕ್ಕು ಒಳಗೆ ಇಣುಕಿದರು.

ಹನ್ನೊಂದು ಗಂಟೆಗೆ ಮೊದಲ ಗಿರಾಕಿ ಬಂದಳು. ತುಂಬಿದ ಬಸುರಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಳು. ಈ ವಾರವೇ ದಿನ ಕೊಟ್ಟಿದ್ದಾರಂತೆ. ಮಗಳು ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಕುಲಾವಿ ಮುಂದಿಟ್ಟಳು.

"ಅಜ್ಜಿ, ನಮ್ಮಮ್ಮ ನಿಮ್ಮ ಕಾರ್ಖಾನೇಲೇ ತೋಳು ಹೊಲೀತಿದ್ದಳಂತೆ," ಎಂದಳು ಬಸುರಿ ನಗುತ್ತ. "ನಿಮ್ಮನ್ನ ಕಂಡ್ರೆ ನಡುಗ್ತಿದ್ದಳಂತೆ. ಬೆಳಗ್ಗೆ ಬೋರ್ಡ್ ನೋಡ್ಕೊಂಡು ಬಂದು, ಅವರು ಪಾಸ್ ಅಂದ್ರೆ ಕಣ್ಣು ಮುಚ್ಕೊಂಡು ತಗೊಂಡು ಬಾ ಅಂತ ನನ್ನ ಕಳಿಸಿದಳು."

ಚಿಕ್ಕಮ್ಮ ಕುಲಾವಿಯನ್ನು ತೆಗೆದುಕೊಂಡಳು. ಒಳಮಗ್ಗುಲು ತಿರುವಿದಳು. ಹೆಬ್ಬೆರಳು ಅಂಚಿನಿಂದ ಹೊರಟು ನೆತ್ತಿಗೆ ಬಂದು, ಗಂಟಿನ ಮೇಲೆ ನಿಂತಿತು. ಬಸುರಿಯ ಹೊಟ್ಟೆ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇತ್ತು, ಸೀರೆಯ ಅಡಿಯಲ್ಲಿ ಮಗು ಒದ್ದದ್ದೂ ಕಂಡಿತು. ಮಗಳು ಹಲಗೆಯ ಪಕ್ಕದಲ್ಲಿ ನಿಂತು ಕಾಲುಚೀಲಗಳನ್ನು ಜೋಡಿಸುತ್ತಿದ್ದಳು, ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಅವಳಿಗಿರಲಿಲ್ಲ. ಚಿಕ್ಕಮ್ಮನಿಗೆ ಹನ್ನೆರಡು ಮಂಚದ ಕೋಣೆ ಕಂಡಿತು, ಮೇಲಿನ ಗಾಳಿಕಿಂಡಿ ಕಂಡಿತು. ಗಂಟನ್ನು ಹೆಬ್ಬೆರಳಿನಿಂದ ಒತ್ತಿದಳು, ಅದು ಉಗುರಿನ ಸಂದಿಗೆ ಚುಚ್ಚಿತು.

"ಪಾಸ್," ಎಂದಳು.

"ಮಗೂಗೆ ಚುಚ್ಚಲ್ಲ ತಾನೇ ಅಜ್ಜಿ? ಮೊದಲನೇದು, ಭಯ ನನಗೆ."

"ಇಲ್ಲಮ್ಮ. ಹೂವಿನ ಹಾಗಿದೆ. ಹುಟ್ಟಿದ ತಕ್ಷಣ ಹಾಕು, ತೆಗೀಲೇಬೇಡ."

ಬಸುರಿ ಖುಷಿಯಿಂದ ಅವಳ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಆಸ್ಪತ್ರೇಲಿ ನನ್ನ ಜೊತೆ ತೋರಿಸಿಕೊಳ್ಳೋರು ಇನ್ನೂ ನಾಲ್ಕು ಜನ ಇದ್ದಾರೆ, ಅವರಿಗೂ ಹೇಳ್ತೀನಿ" ಎಂದಳು. ಮಗಳು ಇನ್ನೂ ನಾಲ್ಕು ಕುಲಾವಿ ಎಣಿಸಿ ಚಿಕ್ಕಮ್ಮನ ಮಡಿಲಿಗೆ ಹಾಕಿ, ಅವರು ಬರುವುದರೊಳಗೆ ನೋಡಿಡು ಎಂದಳು. ಚಿಕ್ಕಮ್ಮ ನೋಡಿಟ್ಟಳು.